ಸೆಟ್ಟಿಂಗ್ ಬದಲಿಸಿದರೂ ಪ್ರೋಗ್ರಾಂ ಬದಲಾಗದಿದ್ದಾಗ: ದೋಷ ನಿವಾರಣೆ ಕೈಪಿಡಿ

ಕಾನ್ಫಿಗ್ ಕಡತದಲ್ಲಿ, ಅಂದರೆ ಸೆಟ್ಟಿಂಗುಗಳನ್ನು ಬರೆದಿಡುವ ಕಡತದಲ್ಲಿ, ಒಂದು ಸಾಲನ್ನು ತಿದ್ದಿ, ಸೇವ್ ಮಾಡಿ, ಸರ್ವಿಸನ್ನು (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಮನ್ನು) ರೀಸ್ಟಾರ್ಟ್ ಕೂಡ ಮಾಡಿದ ಮೇಲೂ ಪ್ರೋಗ್ರಾಂ ಹಳೆಯ ರೀತಿಯಲ್ಲೇ ನಡೆಯುತ್ತಿದ್ದರೆ ತೊಡಕು ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮವನ್ನು ಇಲ್ಲಿ ವಿವರಿಸಿದೆ. ಉದಾಹರಣೆಗಳು ಹೆಚ್ಚಾಗಿ ಲಿನಕ್ಸ್ ಸರ್ವರ್‌ಗಳವು: ದೂರದಿಂದ ಲಾಗಿನ್ ಆಗಲು ಓಪನ್‌ಎಸ್‌ಎಸ್‌ಎಚ್, ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್, ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್, ವೆಬ್ ಪುಟಗಳ ಭಾಷೆ ಪಿಎಚ್‌ಪಿ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್. ದಿನವೂ ಕೈಯಾಡಿಸುವ ಸಾಧನಗಳು ಇವೇ ಆದ್ದರಿಂದ ಇವನ್ನು ಆರಿಸಿಕೊಂಡಿದ್ದೇನೆ.

ಈ ಬಗೆಯ ದೋಷದಲ್ಲಿ ಗಂಟೆಗಟ್ಟಲೆ ಹಾಳಾಗುವುದು ಬಹುತೇಕ ಒಂದೇ ಕಾರಣಕ್ಕೆ. ಕಡತದಲ್ಲಿ ಬರೆದಿರುವುದೂ ಓಡುತ್ತಿರುವ ಪ್ರೋಗ್ರಾಮಿನ ಮೆಮೊರಿಯಲ್ಲಿ ಇರುವುದೂ ಒಂದೇ ಎಂದು ನಂಬಿಕೊಂಡು ನಾವು ಕಡತವನ್ನೇ ಮತ್ತೆ ಮತ್ತೆ ತೆರೆದು ನೋಡುತ್ತೇವೆ. ವಾಸ್ತವದಲ್ಲಿ ಕಡತದಲ್ಲಿರುವುದು ಅರ್ಜಿ ಮಾತ್ರ. ಮಂಜೂರಾದದ್ದು ಏನು ಎಂಬುದು ಬೇರೆಯೇ ವಿಷಯ. ಅರ್ಜಿಗೂ ಮಂಜೂರಾತಿಗೂ ನಡುವೆ ನಾಲ್ಕು ಕಡೆ ಮೌಲ್ಯ ಕಳೆದುಹೋಗಬಹುದು: ಪ್ರೋಗ್ರಾಂ ಆ ಕಡತವನ್ನು ತೆರೆಯದೇ ಇರಬಹುದು, ತೆರೆದರೂ ಇನ್ನೊಂದು ಕಡತದ ಮಾತು ಮೇಲುಗೈ ಪಡೆದಿರಬಹುದು, ಬರೆದದ್ದನ್ನು ಬೇರೆ ಅರ್ಥದಲ್ಲಿ ಓದಿಕೊಂಡಿರಬಹುದು, ಅಥವಾ ನೀವು ತಿದ್ದುವುದಕ್ಕೆ ಮೊದಲೇ ಓದಿ ಮುಗಿಸಿರಬಹುದು. ಯಾವ ಕಡೆ ಎಂದು ಗೊತ್ತಾಗುವ ಮೊದಲೇ ಮೌಲ್ಯವನ್ನು ಹೆಚ್ಚು ಕಡಿಮೆ ಮಾಡುತ್ತ ಹೋಗುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಮೊದಲು ಓಡುತ್ತಿರುವ ಪ್ರೋಗ್ರಾಮನ್ನು ಕೇಳಿ

ಒಳ್ಳೆಯ ಪ್ರೋಗ್ರಾಮುಗಳೆಲ್ಲ ತಾವು ಈಗ ಯಾವ ಮೌಲ್ಯವನ್ನು ಹಿಡಿದುಕೊಂಡಿದ್ದೇವೆ ಎಂದು ಹೇಳುವ ಒಂದು ದಾರಿಯನ್ನು ಇಟ್ಟಿರುತ್ತವೆ. ಈ ವಿಷಯದಲ್ಲಿ ನಾನು ಕಂಡಂತೆ ಎಲ್ಲಕ್ಕಿಂತ ಅಚ್ಚುಕಟ್ಟಾದುದು ಪೋಸ್ಟ್‌ಗ್ರೆಸ್. ಅದರ ಪಿಜಿ_ಸೆಟ್ಟಿಂಗ್ಸ್ ಎಂಬ ವ್ಯೂ (ಕೋಷ್ಟಕದಂತೆ ಓದಬಹುದಾದ ಪಟ್ಟಿ) ಪ್ರತಿ ಸೆಟ್ಟಿಂಗಿನ ಈಗಿನ ಮೌಲ್ಯದ ಜೊತೆಗೆ ಅದು ಯಾವ ಮೂಲದಿಂದ, ಯಾವ ಕಡತದ ಎಷ್ಟನೆಯ ಸಾಲಿನಿಂದ ಬಂತು, ಜಾರಿಗೆ ಬರಲು ರೀಸ್ಟಾರ್ಟ್ ಬಾಕಿ ಇದೆಯೇ ಎಂಬುದನ್ನೂ ತೋರಿಸುತ್ತದೆ. ಕಡತ ಮತ್ತು ಸಾಲಿನ ಅಂಕಣಗಳು ಖಾಲಿ ಕಂಡರೆ ಗಾಬರಿ ಬೇಡ. ಸೂಪರ್‌ಯೂಸರ್ ಅಥವಾ ಆ ವಿಶೇಷ ಹಕ್ಕು ಪಡೆದ ಬಳಕೆದಾರರಿಗೆ ಮಾತ್ರ ಅವು ಕಾಣುತ್ತವೆ.

ಉತ್ತರವನ್ನು ಓದುವಾಗ ಘಟಕವನ್ನು ಗಮನಿಸಬೇಕು. ಶೇರ್ಡ್ ಬಫರ್ಸ್ (ಡೇಟಾಬೇಸ್ ಹಂಚಿಕೊಂಡು ಬಳಸುವ ಮೆಮೊರಿ) ಸೆಟ್ಟಿಂಗಿನ ಎದುರು 16384 ಎಂದು ಕಂಡು, «ಯಾರೋ ಹದಿನಾರು ಜಿಬಿ ಇಟ್ಟಿದ್ದಾರೆ» ಎಂದು ಹೌಹಾರಿದವರನ್ನು ನೋಡಿದ್ದೇನೆ. ಅಲ್ಲಿ ಎಣಿಕೆ ನಡೆಯುವುದು 8 ಕೆಬಿಯ ಪುಟಗಳಲ್ಲಿ. 16384 ಪುಟಗಳೆಂದರೆ 128 ಎಂಬಿ, ಅಂದರೆ ಸಾಮಾನ್ಯ ಡಿಫಾಲ್ಟ್. ಈ ಸಂಖ್ಯೆ ಕಂಡರೆ ನಿಮ್ಮ ತಿದ್ದುಪಡಿ ತಲುಪಿಯೇ ಇಲ್ಲ ಎಂದು ತಿಳಿಯಬಹುದು.

ಕೇಳುವ ಜಾಗವೂ ಸರಿ ಇರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಒಬ್ಬ ಬಳಕೆದಾರನಿಗೆ ಅಥವಾ ಒಂದು ಡೇಟಾಬೇಸ್‌ಗೆ ಮಾತ್ರ ಅನ್ವಯಿಸುವಂತೆ ಸೆಟ್ಟಿಂಗ್ ಕಟ್ಟಿಡಲು ಸಾಧ್ಯ; ಹಾಗಾಗಿ ನೀವು ಅಡ್ಮಿನ್ ಆಗಿ ಒಳಹೊಕ್ಕು ಕೇಳಿದರೆ ಸಿಗುವ ಉತ್ತರ, ಅಪ್ಲಿಕೇಶನ್ ತನ್ನ ಹೆಸರಿನಲ್ಲಿ ಒಳಹೊಕ್ಕಾಗ ಸಿಗುವ ಉತ್ತರಕ್ಕಿಂತ ಬೇರೆಯಾಗಿರಬಹುದು. ಪಿಎಚ್‌ಪಿಯಲ್ಲಿ ಇದು ಇನ್ನೂ ಸಾಮಾನ್ಯ. ಟರ್ಮಿನಲ್‌ನಲ್ಲಿ ನಡೆಯುವ ಪಿಎಚ್‌ಪಿ ಓದುವ ಐಎನ್‌ಐ ಕಡತವೇ ಬೇರೆ, ವೆಬ್ ಕೋರಿಕೆಗಳಿಗೆ ಉತ್ತರಿಸುವ ಎಫ್‌ಪಿಎಂ ಓದುವ ಕಡತವೇ ಬೇರೆ ಎಂಬ ವ್ಯವಸ್ಥೆ ಡೆಬಿಯನ್ ಮತ್ತು ಉಬುಂಟುಗಳಲ್ಲಿ ಇದೆ. ಟರ್ಮಿನಲ್‌ನಲ್ಲಿ ಕೇಳಿ ಸರಿಯಾದ ಉತ್ತರ ಪಡೆದು, ಬ್ರೌಸರ್‌ನಲ್ಲಿ ಮಾತ್ರ ದೋಷ ಏಕೆ ಎಂದು ತಲೆ ಕೆಡಿಸಿಕೊಳ್ಳುವ ಬದಲು, ಪಿಎಚ್‌ಪಿಇನ್ಫೋ ಇರುವ ಒಂದು ಪುಟವನ್ನು ವೆಬ್ ಮೂಲಕವೇ ತೆರೆದು «ಲೋಡೆಡ್ ಕಾನ್ಫಿಗರೇಶನ್ ಫೈಲ್» ಎಂಬ ಸಾಲನ್ನು ಓದಬೇಕು. ಓದಿದ ಕೂಡಲೇ ಆ ಪುಟವನ್ನು ಅಳಿಸಬೇಕು, ಏಕೆಂದರೆ ಅದು ಸರ್ವರಿನ ಒಳಮನೆಯನ್ನು ದಾರಿಹೋಕರಿಗೂ ತೋರಿಸುತ್ತದೆ.

ಒಂದು ಪ್ರಕರಣ: ಮುಚ್ಚಿದ ಬಾಗಿಲು ತೆರೆದೇ ಇತ್ತು

ಒಂದು ಸಣ್ಣ ಕಚೇರಿಯ ಉಬುಂಟು ಸರ್ವರ್‌ಗೆ ಪಾಸ್‌ವರ್ಡ್ ಮೂಲಕ ಲಾಗಿನ್ ಆಗುವುದನ್ನು ನಿಲ್ಲಿಸಿ, ಕೀ (ಪಾಸ್‌ವರ್ಡಿನ ಬದಲು ಬಳಸುವ ಗುಪ್ತ ಕಡತ) ಇದ್ದವರಿಗೆ ಮಾತ್ರ ಪ್ರವೇಶ ಕೊಡಬೇಕಿತ್ತು. ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಮಾದ ಎಸ್‌ಎಸ್‌ಎಚ್‌ಡಿ ಓದುವ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಕಡತದಲ್ಲಿ ಪಾಸ್‌ವರ್ಡ್ ಅಥೆಂಟಿಕೇಶನ್ ಎಂಬುದರ ಎದುರು «ನೋ» ಎಂದು ಬರೆದು, ಸರ್ವಿಸನ್ನು ರೀಸ್ಟಾರ್ಟ್ ಮಾಡಿದೆ. ಒಂದೇ ಒಂದು ದೋಷ ಸಂದೇಶವೂ ಬರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಕೀ ಇದ್ದುದರಿಂದ ಲಾಗಿನ್ ಎಂದಿನಂತೆ ಸಲೀಸಾಗಿ ಆಯಿತು, ಕೆಲಸ ಮುಗಿಯಿತೆಂದು ಎದ್ದೆ. ಮರುದಿನ ಕೀ ಇಲ್ಲದ ಇನ್ನೊಂದು ಕಂಪ್ಯೂಟರಿನಿಂದ ನೋಡಿದರೆ ಸರ್ವರ್ ಮೊದಲಿನಂತೆಯೇ ಪಾಸ್‌ವರ್ಡ್ ಕೇಳುತ್ತ ಕುಳಿತಿತ್ತು.

ಕಡತವನ್ನು ಮೂರು ಸಲ ತೆರೆದು ನೋಡಿದ ಮೇಲೆ ಬುದ್ಧಿ ಬಂದು ಪ್ರೋಗ್ರಾಮನ್ನೇ ಕೇಳಿದೆ. ಎಸ್‌ಎಸ್‌ಎಚ್‌ಡಿ ಆಜ್ಞೆಗೆ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ ಎಲ್ಲ ಕಡತಗಳನ್ನೂ ಓದಿ, ಕೂಡಿಸಿ, ಕೊನೆಗೆ ಉಳಿಯುವ ಮೌಲ್ಯಗಳನ್ನು ಒಂದೊಂದು ಸಾಲಿನಲ್ಲಿ ಮುದ್ರಿಸುತ್ತದೆ. ಅಲ್ಲಿ «ಪಾಸ್‌ವರ್ಡ್ ಅಥೆಂಟಿಕೇಶನ್ ಯೆಸ್» ಎಂದಿತ್ತು. ಅಂದರೆ ಕಡತದಲ್ಲಿ ನೋ, ಲೆಕ್ಕದಲ್ಲಿ ಯೆಸ್. ಕಾನ್ಫಿಗ್ ಕಡತಗಳಿರುವ ಇಟಿಸಿ ಡೈರೆಕ್ಟರಿಯಲ್ಲಿನ ಎಸ್‌ಎಸ್‌ಎಚ್ ಫೋಲ್ಡರನ್ನು ಒಳಗಿನ ಉಪಫೋಲ್ಡರುಗಳ ಸಮೇತ ಗ್ರೆಪ್ ಆಜ್ಞೆಯಿಂದ ಹುಡುಕಿದಾಗ ಅದೇ ಸೆಟ್ಟಿಂಗ್ ಎರಡು ಕಡೆ ಸಿಕ್ಕಿತು: ಒಂದು ನಾನು ಬರೆದದ್ದು, ಇನ್ನೊಂದು ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಎಂಬ ಫೋಲ್ಡರಿನಲ್ಲಿ 50-ಕ್ಲೌಡ್-ಇನಿಟ್ ಎಂಬ ಕಡತದಲ್ಲಿ, ಒಂದೇ ಸಾಲು, «ಯೆಸ್».

ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ಕಡತಕ್ಕೆ «ಇನ್‌ಕ್ಲೂಡ್» (ಬೇರೆ ಕಡತಗಳನ್ನೂ ಸೇರಿಸಿ ಓದುವ) ಸೌಲಭ್ಯ ಬಂದದ್ದು 2020ರ 8.2 ಆವೃತ್ತಿಯಲ್ಲಿ. ಉಬುಂಟು ಆ ಇನ್‌ಕ್ಲೂಡ್ ಸಾಲನ್ನು ಮುಖ್ಯ ಕಡತದ ಮೇಲ್ಭಾಗದಲ್ಲಿಯೇ ಇಟ್ಟಿದೆ. ಓಪನ್‌ಎಸ್‌ಎಸ್‌ಎಚ್‌ನ ನಿಯಮವೇನೆಂದರೆ, ಒಂದು ಸೆಟ್ಟಿಂಗಿಗೆ ಮೊದಲು ಸಿಕ್ಕ ಮೌಲ್ಯವೇ ಅಂತಿಮ. ಆಮೇಲೆ ಎಷ್ಟು ಸಲ ಬರೆದರೂ ಕಣ್ಣೆತ್ತಿ ನೋಡುವುದಿಲ್ಲ. ಮೇಲಿನ ಇನ್‌ಕ್ಲೂಡ್ ಮೂಲಕ «ಯೆಸ್» ಮೊದಲು ಒಳಗೆ ಬಂದಿತ್ತು, ಐವತ್ತು ಸಾಲು ಕೆಳಗಿದ್ದ ನನ್ನ «ನೋ» ಬರೀ ಅಲಂಕಾರಕ್ಕೆ ಉಳಿದಿತ್ತು. ಇದು ತಪ್ಪಲ್ಲವಾದ್ದರಿಂದ ದೋಷ ಸಂದೇಶ ಬರುವ ಪ್ರಶ್ನೆಯೂ ಇರಲಿಲ್ಲ.

ಕ್ಲೌಡ್-ಇನಿಟ್ (ಸರ್ವರ್ ಮೊದಲ ಸಲ ಆರಂಭವಾಗುವಾಗ ಅದನ್ನು ಸಿದ್ಧಪಡಿಸುವ ಸಾಧನ) ಬರೆದ ಕಡತವನ್ನೇ ತಿದ್ದಬಹುದಿತ್ತು, ಆದರೆ ಅದು ಇನ್ನೊಂದು ಸಾಧನದ ಸ್ವತ್ತು, ಮುಂದೆಂದಾದರೂ ಮತ್ತೆ ಬರೆದುಬಿಡಬಹುದು. ಅದಕ್ಕಾಗಿ ಅದೇ ಫೋಲ್ಡರಿನಲ್ಲಿ 10 ಎಂಬ ಅಂಕಿಯಿಂದ ಶುರುವಾಗುವ ಹೊಸ ಕಡತವೊಂದನ್ನು ಮಾಡಿ ಅದರಲ್ಲಿ «ನೋ» ಬರೆದೆ. ಕಡತಗಳು ಹೆಸರಿನ ಅಕ್ಷರ ಕ್ರಮದಲ್ಲಿ ಓದಲ್ಪಡುವುದರಿಂದ 10 ಮೊದಲು, 50 ಆಮೇಲೆ. ಹೆಸರಿನ ಕೊನೆಯಲ್ಲಿ «ಡಾಟ್ ಕಾನ್ಫ್» ಇರಲೇಬೇಕು, ಇಲ್ಲದಿದ್ದರೆ ಇನ್‌ಕ್ಲೂಡ್ ಅದನ್ನು ಎತ್ತಿಕೊಳ್ಳುವುದಿಲ್ಲ. ಕೀಬೋರ್ಡ್ ಇಂಟರ್‌ಆಕ್ಟಿವ್ ಅಥೆಂಟಿಕೇಶನ್ ಎಂಬ ಇನ್ನೊಂದು ಸೆಟ್ಟಿಂಗ್ ತೆರೆದಿದ್ದರೆ ಪಿಎಎಂ (ಲಿನಕ್ಸ್‌ನ ಲಾಗಿನ್ ಪರಿಶೀಲನಾ ವ್ಯವಸ್ಥೆ) ಮೂಲಕ ಪಾಸ್‌ವರ್ಡ್ ಕೇಳುವ ಹಿಂಬಾಗಿಲು ಉಳಿಯುತ್ತದೆ, ಆದ್ದರಿಂದ ಅದರ ಮೌಲ್ಯವನ್ನೂ ಅದೇ ಮುದ್ರಿತ ಪಟ್ಟಿಯಲ್ಲಿ ನೋಡಿಕೊಂಡೆ.

ಇಲ್ಲಿ ಒಂದು ಸೂಕ್ಷ್ಮವಿದೆ. ದೊಡ್ಡ ಟಿ ಆಯ್ಕೆ ಹೇಳುವುದು ಈಗ ಹೊಸದಾಗಿ ಕಡತಗಳನ್ನು ಓದಿದರೆ ಏನಾಗುತ್ತದೆ ಎಂಬುದನ್ನು, ನಿನ್ನೆಯಿಂದ ಓಡುತ್ತಿರುವ ಎಸ್‌ಎಸ್‌ಎಚ್‌ಡಿ ಏನು ಹಿಡಿದುಕೊಂಡಿದೆ ಎಂಬುದನ್ನಲ್ಲ. ಕೊನೆಯ ಸಾಕ್ಷಿ ಬೇಕಾದರೆ ಹೊರಗಿನಿಂದಲೇ ಬಾಗಿಲು ತಟ್ಟಬೇಕು. ಪಬ್ಲಿಕ್ ಕೀ ಬಳಸಬೇಡ ಎಂಬ ಆಯ್ಕೆಯೊಂದಿಗೆ ಸಂಪರ್ಕಿಸಿದಾಗ ಸರ್ವರ್ ಪ್ರವೇಶ ನಿರಾಕರಿಸಿ, ತಾನು ಒಪ್ಪುವ ವಿಧಾನಗಳನ್ನು ಕಂಸದಲ್ಲಿ ಹೇಳುತ್ತದೆ. ಅಲ್ಲಿ «ಪಬ್ಲಿಕ್‌ಕೀ» ಒಂದೇ ಇದ್ದರೆ ಕೆಲಸ ಮುಗಿದಂತೆ. ಇಷ್ಟೆಲ್ಲ ಮಾಡುವಾಗ ಈಗಾಗಲೇ ತೆರೆದಿರುವ ಒಂದು ಲಾಗಿನ್ ಸೆಷನನ್ನು ಮುಚ್ಚದೆ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಒಂದು ಅಕ್ಷರದೋಷಕ್ಕೆ ನಾವೇ ಹೊರಗೆ ಉಳಿಯಬೇಕಾಗುತ್ತದೆ.

ಪೋರ್ಟ್ (ಸಂಪರ್ಕ ಒಳಬರುವ ಬಾಗಿಲಿನ ಸಂಖ್ಯೆ) ಬದಲಿಸಿದರೂ 22ರಲ್ಲೇ ಕೇಳುತ್ತಿದೆ ಎಂಬುದು ಇದರ ಸೋದರ ದೋಷ. ಉಬುಂಟು 22.10ರಿಂದ ಪೋರ್ಟನ್ನು ಹಿಡಿದು ಕಾಯುವುದು ಸರ್ವಿಸುಗಳನ್ನು ಆರಂಭಿಸಿ ನಡೆಸುವ ಸಿಸ್ಟಂಡಿಯ ಸಾಕೆಟ್ ಘಟಕ. ಎಸ್‌ಎಸ್‌ಎಚ್ ಸರ್ವಿಸನ್ನು ಮಾತ್ರ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಸಾಕೆಟ್ ಅಲುಗುವುದಿಲ್ಲ. ಎಸ್‌ಎಸ್ ಆಜ್ಞೆಯಿಂದ ಆ ಪೋರ್ಟನ್ನು ಯಾವ ಪ್ರಕ್ರಿಯೆ ಹಿಡಿದಿದೆ ಎಂದು ನೋಡಿದರೆ ಸಿಸ್ಟಂಡಿ ಹೆಸರು ಕಾಣುತ್ತದೆ, ಅಲ್ಲಿಗೆ ಉತ್ತರ ಸಿಕ್ಕಂತೆ.

ಯಾರ ಮಾತು ನಡೆಯುತ್ತದೆ

ಮೇಲಿನ ಪ್ರಕರಣದಲ್ಲಿ ಮೊದಲು ಬಂದವನದೇ ಮಾತು. ಆದರೆ ಅದನ್ನೇ ಸಾಮಾನ್ಯ ನಿಯಮವೆಂದು ತಿಳಿದು ಬೇರೆಡೆ ಹೋದರೆ ಮತ್ತೆ ಎಡವುತ್ತೇವೆ. ಗಿಟ್‌ನಲ್ಲಿ ನಿಯಮ ತಿರುಗುಮುರುಗು: ಇಡೀ ಸಿಸ್ಟಮಿನದು, ಬಳಕೆದಾರನದು, ಆ ರೆಪೊಸಿಟರಿಯದು (ಒಂದು ಯೋಜನೆಯ ಕೋಡ್ ಸಂಗ್ರಹದ್ದು) ಎಂಬ ಕ್ರಮದಲ್ಲಿ ಓದಿ, ಕೊನೆಗೆ ಸಿಕ್ಕದ್ದನ್ನು ಉಳಿಸಿಕೊಳ್ಳುತ್ತದೆ. ಕಚೇರಿಯ ಇಮೇಲ್ ವಿಳಾಸವನ್ನು ಗ್ಲೋಬಲ್ ಆಗಿ ಸರಿಪಡಿಸಿದರೂ ಕಮಿಟ್‌ಗಳು (ದಾಖಲಿಸಿದ ಬದಲಾವಣೆಗಳು) ಹಳೆಯ ವಿಳಾಸದಲ್ಲೇ ಹೋಗುತ್ತಿದ್ದರೆ, ರೆಪೊಸಿಟರಿಯ ಒಳಗೆ ಎಂದೋ ಬರೆದಿಟ್ಟ ಒಂದು ಸಾಲು ಇರಬಹುದು. ಗಿಟ್ ಕಾನ್ಫಿಗ್ ಆಜ್ಞೆಯ «ಶೋ ಆರಿಜಿನ್» ಆಯ್ಕೆ ಪ್ರತಿ ಮೌಲ್ಯದ ಎದುರು ಅದು ಬಂದ ಕಡತದ ದಾರಿಯನ್ನು ಬರೆದು ತೋರಿಸುತ್ತದೆ. ಇಂಥ ಆಯ್ಕೆ ಇಲ್ಲದ ಪ್ರೋಗ್ರಾಮುಗಳ ಮೇಲೆ ನನಗೆ ಸದಾ ಸ್ವಲ್ಪ ಸಿಟ್ಟಿದೆ.

ಪೋಸ್ಟ್‌ಗ್ರೆಸ್‌ನಲ್ಲೂ ಕೊನೆಯದೇ ಗೆಲ್ಲುತ್ತದೆ. ಅಲ್ಲಿ 2014ರ 9.4 ಆವೃತ್ತಿಯಿಂದ «ಆಲ್ಟರ್ ಸಿಸ್ಟಂ» ಎಂಬ ಆಜ್ಞೆ ಇದ್ದು, ಅದರಿಂದ ಬದಲಿಸಿದ್ದು ಡೇಟಾ ಡೈರೆಕ್ಟರಿಯಲ್ಲಿ ಪೋಸ್ಟ್‌ಗ್ರೆಸ್ಕ್ಯುಎಲ್.ಆಟೋ.ಕಾನ್ಫ್ ಎಂಬ ಬೇರೆ ಕಡತಕ್ಕೆ ಹೋಗುತ್ತದೆ. ಮುಖ್ಯ ಕಡತದ ನಂತರ ಅದನ್ನು ಓದುವುದರಿಂದ, ಹಿಂದೆ ಯಾರೋ ಆಲ್ಟರ್ ಸಿಸ್ಟಂ ಬಳಸಿದ್ದರೆ ನೀವು ಮುಖ್ಯ ಕಡತದಲ್ಲಿ ಮಾಡುವ ತಿದ್ದುಪಡಿ ಮುಟ್ಟುವುದೇ ಇಲ್ಲ. ಆಟೋ ಕಡತವನ್ನು ಎಡಿಟರ್‌ನಲ್ಲಿ ತೆರೆದು ಅಳಿಸಬೇಡಿ. «ಆಲ್ಟರ್ ಸಿಸ್ಟಂ ರೀಸೆಟ್» ಕೊಟ್ಟು ರೀಲೋಡ್ ಮಾಡಿ. ಮೈಎಸ್‌ಕ್ಯುಎಲ್ 8.0ರಲ್ಲಿ «ಸೆಟ್ ಪರ್ಸಿಸ್ಟ್» ಎಂಬುದು ಇದೇ ಕೆಲಸವನ್ನು ಮಾಡಿ, ಇದೇ ಬಗೆಯ ಗೊಂದಲವನ್ನೂ ಬಿಟ್ಟುಹೋಗುತ್ತದೆ.

ಎನ್ವಿರಾನ್ಮೆಂಟ್ ವೇರಿಯೇಬಲ್‌ಗಳದು, ಅಂದರೆ ಪ್ರೋಗ್ರಾಂ ಆರಂಭವಾಗುವಾಗ ಅದರ ಕೈಗೆ ಕೊಡುವ ಹೆಸರು-ಮೌಲ್ಯಗಳ ಜೋಡಿಗಳದು, ಬೇರೆ ತಕರಾರು. ಅವು ಸಾಮಾನ್ಯವಾಗಿ ಕಡತದ ಮೌಲ್ಯವನ್ನು ಮೀರುತ್ತವೆ, ಆದರೆ ಪ್ರಕ್ರಿಯೆ ಹುಟ್ಟುವಾಗ ಏನಿತ್ತೋ ಅದನ್ನೇ ಹೊತ್ತು ತಿರುಗುತ್ತವೆ. ಟರ್ಮಿನಲ್ ತೆರೆದಾಗ ಓದುವ ನಿಮ್ಮ ಬ್ಯಾಶ್‌ಆರ್‌ಸಿ ಕಡತದಲ್ಲಿ ಬರೆದದ್ದು ಸಿಸ್ಟಂಡಿ ಆರಂಭಿಸುವ ಸರ್ವಿಸಿಗಾಗಲಿ ನಿಗದಿತ ಹೊತ್ತಿಗೆ ಓಡುವ ಕ್ರಾನ್ ಕೆಲಸಕ್ಕಾಗಲಿ ತಲುಪುವುದಿಲ್ಲ. ಅಡ್ಮಿನ್ ಹಕ್ಕಿನಲ್ಲಿ ಓಡಿಸುವ ಸುಡೊ ಆಜ್ಞೆ ಕೂಡ ಬಹುಪಾಲು ವೇರಿಯೇಬಲ್‌ಗಳನ್ನು ಬಾಗಿಲಲ್ಲೇ ಕಳಚುತ್ತದೆ. ಟರ್ಮಿನಲ್‌ನಲ್ಲಿ ಓಡಿಸಿದರೆ ಸರಿ, ಸರ್ವಿಸ್ ಆಗಿ ಓಡಿಸಿದರೆ ತಪ್ಪು ಎಂಬ ದೂರು ಬಂದಾಗ ಮೊದಲ ಅನುಮಾನ ಇಲ್ಲಿಗೇ ಹೋಗಬೇಕು. ಪ್ರಾಕ್ ಡೈರೆಕ್ಟರಿಯಲ್ಲಿ ಆ ಪ್ರಕ್ರಿಯೆಯ ಸಂಖ್ಯೆಯ ಕೆಳಗಿರುವ ಎನ್ವಿರಾನ್ ಕಡತವನ್ನು ಓದಿದರೆ ಅದು ಹುಟ್ಟುವಾಗ ಕಟ್ಟಿಕೊಂಡು ಬಂದ ಬುತ್ತಿ ಏನೆಂದು ಕಾಣುತ್ತದೆ.

ಪ್ರೋಗ್ರಾಂ ಯಾವ ಕಡತವನ್ನು ಓದುತ್ತಿದೆ ಎಂಬುದೇ ತಿಳಿಯದಿದ್ದರೆ ಎರಡು ಉಪಾಯಗಳಿವೆ. ಮೊದಲನೆಯದು, ಬೇಕೆಂದೇ ಒಂದು ಅರ್ಥವಿಲ್ಲದ ಸಾಲನ್ನು ಕಡತದಲ್ಲಿ ಸೇರಿಸಿ, ಸರ್ವಿಸನ್ನು ಮುಟ್ಟದೆ ಪರೀಕ್ಷಾ ಆಯ್ಕೆಯನ್ನು ಮಾತ್ರ ಓಡಿಸುವುದು. ಎಂಜಿನ್‌ಎಕ್ಸ್ ಮತ್ತು ಎಸ್‌ಎಸ್‌ಎಚ್‌ಡಿ ಎರಡರಲ್ಲೂ ಅದು ಸಣ್ಣಕ್ಷರದ ಟಿ. ಪ್ರೋಗ್ರಾಂ ಗೊಣಗಲಿಲ್ಲವೆಂದರೆ ಆ ಕಡತವನ್ನು ಅದು ಓದುತ್ತಿಲ್ಲ. ಪರೀಕ್ಷೆ ಆದ ಕ್ಷಣವೇ ಆ ಸಾಲನ್ನು ತೆಗೆಯಬೇಕು. ಎರಡನೆಯದು ಎಸ್‌ಟ್ರೇಸ್ (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮಿಗೆ ಮಾಡುವ ಕರೆಗಳನ್ನು ತೋರಿಸುವ ಸಾಧನ), ಕಡತ ತೆರೆಯುವ ಕರೆಗಳನ್ನು ಮಾತ್ರ ಸೋಸಿ ನೋಡಿದರೆ ಪ್ರೋಗ್ರಾಂ ಎಲ್ಲೆಲ್ಲಿ ಹುಡುಕಿತು, ಎಲ್ಲಿ ಕಡತ ಸಿಗಲಿಲ್ಲ, ಎಲ್ಲಿ ಅನುಮತಿ ಇರಲಿಲ್ಲ ಎಂಬುದೆಲ್ಲ ಸಾಲು ಸಾಲಾಗಿ ಬರುತ್ತದೆ. ವಿಂಡೋಸ್‌ನಲ್ಲಿ ಈ ಕೆಲಸಕ್ಕೆ ಪ್ರೋಸೆಸ್ ಮಾನಿಟರ್ ಇದೆ. ಅನುಮತಿ ಹೆಚ್ಚಾದರೂ ತೊಂದರೆ ಎಂಬುದು ನೆನಪಿರಲಿ: ಯಾರು ಬೇಕಾದರೂ ಬರೆಯಬಹುದಾದ ಕಾನ್ಫಿಗ್ ಕಡತವನ್ನು ಮೈಎಸ್‌ಕ್ಯುಎಲ್ ಒಂದು ಎಚ್ಚರಿಕೆ ಕೊಟ್ಟು ಪಕ್ಕಕ್ಕಿಡುತ್ತದೆ.

ಓದಿದೆ, ಆದರೆ ಬೇರೆಯಾಗಿ ಓದಿದೆ

ಯಾಮಲ್ ಎಂಬ ಶೈಲಿಯಲ್ಲಿ ಬರೆದ ಕಾನ್ಫಿಗ್ ಕಡತಗಳಲ್ಲಿ ಮೌಲ್ಯದ ಬಗೆಯನ್ನು ಪ್ರೋಗ್ರಾಮೇ ಊಹಿಸುತ್ತದೆ. ಯಾಮಲ್ 1.1ರ ನಿಯಮದಂತೆ ಉದ್ಧರಣ ಚಿಹ್ನೆ ಇಲ್ಲದ «ನೋ» ಎಂಬುದು ಪದವಲ್ಲ, ಸುಳ್ಳು ಎಂಬ ತಾರ್ಕಿಕ ಮೌಲ್ಯ. ದೇಶಗಳ ಸಂಕೇತಗಳ ಪಟ್ಟಿಯಲ್ಲಿ ನಾರ್ವೆ (ಅದರ ಸಂಕೇತ ಎನ್‌ಒ) ಮಾಯವಾಗುವುದು ಹೀಗೆಯೇ. 22:22 ಎಂದು ಪೋರ್ಟ್ ಜೋಡಿ ಬರೆದರೆ ಅದನ್ನು ಅರವತ್ತರ ಮಾನದ ಸಂಖ್ಯೆಯೆಂದು ಎಣಿಸಿ 1342 ಮಾಡಿಕೊಳ್ಳುತ್ತದೆ. ಪೈಥಾನ್ ಆವೃತ್ತಿ 3.10 ಎಂದು ಬರೆದರೆ ದಶಮಾಂಶವಾಗಿ 3.1 ಉಳಿಯುತ್ತದೆ. 2009ರ 1.2 ಆವೃತ್ತಿ «ನೋ» ಮತ್ತು ಅರವತ್ತರ ಮಾನದ ತೊಡಕುಗಳನ್ನು ತೆಗೆದುಹಾಕಿದರೂ ಪೈಥಾನಿನ ಪೈಯಾಮಲ್‌ನಂತಹ ಲೈಬ್ರರಿಗಳು ಇನ್ನೂ 1.1ರ ನಿಯಮದಲ್ಲೇ ನಡೆಯುತ್ತವೆ. ಉದ್ಧರಣ ಚಿಹ್ನೆ ಹಾಕಿದರೆ ಈ ಮೂರೂ ತೊಂದರೆ ಹೋಗುತ್ತದೆ.

ಕಣ್ಣಿಗೆ ಕಾಣದ ಅಕ್ಷರಗಳು ಇನ್ನೂ ಕಾಟ ಕೊಡುತ್ತವೆ. ವಿಂಡೋಸ್ 10ರ 1903 ಆವೃತ್ತಿಗಿಂತ ಹಿಂದಿನ ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಆಗಿ ಉಳಿಸಿದರೆ ಕಡತದ ತಲೆಯಲ್ಲಿ ಮೂರು ಬೈಟುಗಳ ಗುರುತು ಕುಳಿತು, ಮೊದಲ ಸಾಲಿನ ಸೆಟ್ಟಿಂಗಿನ ಹೆಸರನ್ನೇ ಕೆಡಿಸುತ್ತದೆ. ವಿಂಡೋಸ್ ಶೈಲಿಯ ಸಾಲುಕೊನೆ ಇದ್ದರೆ ಪಾಸ್‌ವರ್ಡಿನ ಬಾಲಕ್ಕೆ ಒಂದು ಅದೃಶ್ಯ ಅಕ್ಷರ ಅಂಟಿ «ಪಾಸ್‌ವರ್ಡ್ ತಪ್ಪು» ಎಂದು ಬರುತ್ತದೆ. ವಾಟ್ಸ್ಆ್ಯಪ್ ಅಥವಾ ವರ್ಡ್‌ನಿಂದ ನಕಲು ಮಾಡಿದ ಸಾಲಿನಲ್ಲಿ ನೇರ ಉದ್ಧರಣ ಚಿಹ್ನೆಯ ಜಾಗದಲ್ಲಿ ಬಾಗಿದ್ದು, ಎರಡು ಹೈಫನ್ನುಗಳ ಜಾಗದಲ್ಲಿ ಒಂದು ಉದ್ದ ಗೆರೆ ಬಂದಿರುತ್ತದೆ. ಕನ್ನಡದಲ್ಲಿ ಟೈಪ್ ಮಾಡುವ ನಮಗೆ ಇದರ ಜೊತೆ ಇನ್ನೊಂದಿದೆ: «ಸಾಫ್ಟ್‌ವೇರ್» ಎಂದು ಬರೆಯುವಾಗ ಒತ್ತಕ್ಷರ ಕೂಡದಂತೆ ನಡುವೆ ಹಾಕುವ ಶೂನ್ಯ ಅಗಲದ ಅಕ್ಷರ. ಕನ್ನಡ ಟಿಪ್ಪಣಿಯೊಂದರಿಂದ ಸಾಲನ್ನು ಎತ್ತಿಕೊಂಡಾಗ ಅದು ಸದ್ದಿಲ್ಲದೆ ಜೊತೆಗೆ ಬರಬಹುದು; ಪರದೆಯ ಮೇಲೆ ಎರಡು ಹೆಸರುಗಳು ಒಂದೇ ಥರ ಕಾಣುತ್ತವೆ, ಪ್ರೋಗ್ರಾಮಿಗೆ ಮಾತ್ರ ಅವು ಬೇರೆ ಬೇರೆ. ಕ್ಯಾಟ್ ಆಜ್ಞೆಗೆ ದೊಡ್ಡಕ್ಷರದ ಎ ಆಯ್ಕೆ ಕೊಟ್ಟು ಕಡತವನ್ನು ನೋಡಿದರೆ ಸಾಮಾನ್ಯ ಇಂಗ್ಲಿಷ್ ಅಕ್ಷರವಲ್ಲದ್ದೆಲ್ಲ ವಿಚಿತ್ರ ಗುರುತುಗಳಾಗಿ ಎದ್ದು ಕಾಣುತ್ತದೆ, ಪ್ರತಿ ಸಾಲಿನ ಕೊನೆಯಲ್ಲಿ ಡಾಲರ್ ಚಿಹ್ನೆ ಬೀಳುವುದರಿಂದ ಬಾಲದ ಖಾಲಿ ಜಾಗಗಳೂ ಸಿಕ್ಕಿಬೀಳುತ್ತವೆ.

ಓದಿದ್ದು ಯಾವಾಗ

ರೀಲೋಡ್ ಮತ್ತು ರೀಸ್ಟಾರ್ಟ್ ಒಂದೇ ಅಲ್ಲ: ಮೊದಲನೆಯದು ಪ್ರೋಗ್ರಾಂ ಓಡುತ್ತಿರುವಂತೆಯೇ ಕಡತವನ್ನು ಮತ್ತೆ ಓದಿಸುತ್ತದೆ, ಎರಡನೆಯದು ಅದನ್ನು ನಿಲ್ಲಿಸಿ ಹೊಸದಾಗಿ ಆರಂಭಿಸುತ್ತದೆ. ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್ ಮತ್ತು ಗರಿಷ್ಠ ಸಂಪರ್ಕಗಳ ಸಂಖ್ಯೆ ರೀಸ್ಟಾರ್ಟ್ ಆಗದೆ ಬದಲಾಗುವುದಿಲ್ಲ. ಒಬ್ಬ ಬಳಕೆದಾರನಿಗೆಂದು ಕಟ್ಟಿದ ಮೌಲ್ಯ ಹೊಸ ಸೆಷನ್‌ಗಳಿಗೆ ಮಾತ್ರ ಸಿಗುವುದರಿಂದ, ಕನೆಕ್ಷನ್ ಪೂಲ್ (ಮರುಬಳಕೆಗೆ ತೆರೆದಿಟ್ಟ ಸಂಪರ್ಕಗಳ ಗುಂಪು) ಹಳೆಯ ಸಂಪರ್ಕಗಳನ್ನು ಜೀವಂತ ಇಟ್ಟುಕೊಂಡಿರುವವರೆಗೂ ಅಪ್ಲಿಕೇಶನ್ನಿಗೆ ಬದಲಾವಣೆ ಕಾಣದು. ಎಂಜಿನ್‌ಎಕ್ಸ್‌ನಲ್ಲಿ ಹೊಸ ಕಾನ್ಫಿಗ್ ತಪ್ಪಿದ್ದರೆ ರೀಲೋಡ್ ಹೇಳಿದರೂ ಅದು ಹಳೆಯದನ್ನೇ ಹಿಡಿದು ನಡೆಯುತ್ತದೆ. ಸೈಟ್ ಬೀಳದಿರುವುದು ಒಳ್ಳೆಯದೇ, ಆದರೆ ಲಾಗ್ ನೋಡದವನಿಗೆ ಎಲ್ಲ ಸರಿಯಾಯಿತು ಎಂಬ ಭ್ರಮೆ ಹುಟ್ಟುತ್ತದೆ. ಪಿಎಚ್‌ಪಿಯ ಫೋಲ್ಡರ್ ಮಟ್ಟದ ಡಾಟ್ ಯೂಸರ್ ಡಾಟ್ ಐಎನ್‌ಐ ಕಡತವನ್ನು ಡಿಫಾಲ್ಟ್ ಆಗಿ 300 ಸೆಕೆಂಡಿಗೊಮ್ಮೆ ಮಾತ್ರ ಮತ್ತೆ ಓದಲಾಗುತ್ತದೆ, ಹೀಗಾಗಿ ತಿದ್ದಿದ ಎರಡೇ ನಿಮಿಷದಲ್ಲಿ ಪರೀಕ್ಷಿಸಿ ಸೋತೆನೆಂದು ತಿಳಿಯುವವರು ಬಹಳ.

ಪ್ರೋಗ್ರಾಮನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್‌ನಲ್ಲಿ ಒಂದೇ ಕಡತವನ್ನು ಕಂಟೇನರಿಗೆ ಮೌಂಟ್ ಮಾಡಿದ್ದರೆ (ಹೊರಗಿನ ಕಡತ ಒಳಗೂ ಕಾಣುವಂತೆ ಜೋಡಿಸಿದ್ದರೆ) ಇನ್ನೊಂದು ಬಲೆ ಇದೆ. ಸೆಡ್ ಆಜ್ಞೆಯ «ಇನ್-ಪ್ಲೇಸ್» ಆಯ್ಕೆಯೂ ಕೆಲವು ಎಡಿಟರ್‌ಗಳೂ ಕಡತವನ್ನು ತಿದ್ದುವುದಿಲ್ಲ. ಹೊಸ ಕಡತ ಬರೆದು ಹಳೆಯ ಹೆಸರನ್ನು ಅದಕ್ಕೆ ಇಡುತ್ತವೆ. ಮೌಂಟ್ ಮಾತ್ರ ಹಳೆಯ ಐನೋಡ್ ಅನ್ನೇ (ಡಿಸ್ಕಿನಲ್ಲಿ ಕಡತವನ್ನು ಗುರುತಿಸುವ ದಾಖಲೆ) ಹಿಡಿದಿರುವುದರಿಂದ ಹೊರಗೆ ಹೊಸದು, ಒಳಗೆ ಹಳೆಯದು. ಎಲ್‌ಎಸ್ ಆಜ್ಞೆಯಿಂದ ಎರಡೂ ಕಡೆಯ ಐನೋಡ್ ಸಂಖ್ಯೆ ಹೋಲಿಸಿದರೆ ಗೊತ್ತಾಗುತ್ತದೆ. ಫೋಲ್ಡರನ್ನೇ ಮೌಂಟ್ ಮಾಡುವುದು ಶಾಶ್ವತ ಪರಿಹಾರ. ಇದಕ್ಕೆ ತದ್ವಿರುದ್ಧವಾದದ್ದು ಫೈರ್‌ಫಾಕ್ಸ್: ಬ್ರೌಸರ್ ತೆರೆದಿರುವಾಗ ಅದರ ಪ್ರೆಫ್ಸ್ ಕಡತವನ್ನು ತಿದ್ದಿದರೆ, ಮುಚ್ಚುವಾಗ ಅದು ತನ್ನ ಮೆಮೊರಿಯಲ್ಲಿದ್ದುದನ್ನು ಮೇಲೆ ಬರೆದು ನಿಮ್ಮ ಶ್ರಮವನ್ನು ಒರೆಸಿಹಾಕುತ್ತದೆ.

ಎಲ್ಲ ಸರಿಯಿದ್ದೂ ಫಲ ಬದಲಾಗದಿದ್ದರೆ

ಆಗ ಒಂದೇ ಮಿತಿಯನ್ನು ಬೇರೆ ಬೇರೆ ಪ್ರೋಗ್ರಾಮುಗಳು ಕಾಯುತ್ತಿವೆಯೇ ಎಂದು ನೋಡಬೇಕು. ದೊಡ್ಡ ಕಡತ ಅಪ್‌ಲೋಡ್ ಆಗದ ದೂರು ಇದಕ್ಕೆ ಒಳ್ಳೆಯ ಉದಾಹರಣೆ. ಎಂಜಿನ್‌ಎಕ್ಸ್‌ನ ಡಿಫಾಲ್ಟ್ ಮಿತಿ 1 ಎಂಬಿ. ಪಿಎಚ್‌ಪಿಯಲ್ಲಿ ಒಂದು ಕಡತಕ್ಕೆ 2 ಎಂಬಿ, ಇಡೀ ಕೋರಿಕೆಗೆ 8 ಎಂಬಿ. ಪಿಎಚ್‌ಪಿಯ ಎರಡನ್ನೂ 20ಕ್ಕೆ ಏರಿಸಿ ಎಂಜಿನ್‌ಎಕ್ಸ್ ಅನ್ನು ಮರೆತರೆ ಏನೂ ಬದಲಾಗುವುದಿಲ್ಲ. ದೋಷದ ರೂಪವೇ ಇಲ್ಲಿ ಸುಳಿವು: 413 ಎಂಬ ಉತ್ತರ ಬಂದರೆ ತಡೆದದ್ದು ಎಂಜಿನ್‌ಎಕ್ಸ್, ಫಾರಂ ಪೂರ್ತಿ ಖಾಲಿಯಾಗಿ ತಲುಪಿದರೆ ಇಡೀ ಕೋರಿಕೆಯ ಮಿತಿ, ಉಳಿದ ವಿವರಗಳು ಬಂದು ಕಡತಕ್ಕೆ ಮಾತ್ರ ದೋಷಸಂಖ್ಯೆ 1 ಬಂದರೆ ಒಂದು ಕಡತದ ಮಿತಿ.

ದೋಷ ಸಿಕ್ಕ ಮೇಲೆ ಹುಡುಕಾಟದ ಹೊತ್ತಿನಲ್ಲಿ ಅಲ್ಲಲ್ಲಿ ಸೇರಿಸಿದ ಸಾಲುಗಳನ್ನು, ಏರಿಸಿದ ಮಿತಿಗಳನ್ನು, ಸಡಿಲಿಸಿದ ಅನುಮತಿಗಳನ್ನು ಹಿಂದಿನಂತೆ ಮಾಡಿ, ನಿಜವಾಗಿ ಬೇಕಿದ್ದ ಒಂದೇ ಬದಲಾವಣೆಯನ್ನು ಉಳಿಸಬೇಕು. ಇಟಿಸಿ ಡೈರೆಕ್ಟರಿಯನ್ನು ಇಟಿಸಿಕೀಪರ್ ಮೂಲಕ ಗಿಟ್‌ನಲ್ಲಿ ಇಟ್ಟಿದ್ದರೆ ಈ ಕೆಲಸ ಡಿಫ್ (ಬದಲಾದ ಸಾಲುಗಳ ಪಟ್ಟಿ) ನೋಡಿಕೊಂಡು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಉಳಿಸಿದ ಸಾಲಿನ ಮೇಲೆ ದಿನಾಂಕ ಮತ್ತು ಕಾರಣವನ್ನು ಕಾಮೆಂಟ್ ಆಗಿ ಬರೆದು, ನಿಷ್ಪ್ರಯೋಜಕವಾಗಿ ಉಳಿದ ಹಳೆಯ ಸಾಲನ್ನು ಅಳಿಸಿ. ಆ ಕಚೇರಿಯ ಸರ್ವರಿನ ಮುಖ್ಯ ಕಡತದಲ್ಲಿದ್ದ ನನ್ನ «ನೋ» ಸಾಲನ್ನು ಕೊನೆಗೆ ತೆಗೆದು, ಅದರ ಜಾಗದಲ್ಲಿ «ಈ ಸೆಟ್ಟಿಂಗ್ 10ರ ಕಡತದಲ್ಲಿದೆ, ಇಲ್ಲಿ ಬರೆದರೆ ನಡೆಯುವುದಿಲ್ಲ» ಎಂದು ಬರೆದಿಟ್ಟೆ.